ಮೈಗ್ರೇನ್ ಇರುವವರು ಕಾಲೇಜಿನ ಜೊತೆಗೇ ಗೇಟ್ ಪರೀಕ್ಷೆಗೆ ತಯಾರಾಗುವುದು ಹೇಗೆ?

ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ತರಗತಿ, ಲ್ಯಾಬ್, ಪ್ರಾಜೆಕ್ಟ್, ಕ್ಯಾಂಪಸ್ ಸಂದರ್ಶನ ಎಲ್ಲವೂ ಒಟ್ಟಿಗೆ ಬರುತ್ತವೆ. ಎಂ.ಟೆಕ್ ಸೇರಬೇಕೆಂದಿರುವವರು ಇವುಗಳ ನಡುವೆಯೇ ಫೆಬ್ರವರಿಯ ಗೇಟ್ ಪರೀಕ್ಷೆಗೂ ಓದಬೇಕು. ಸಮಯ ಸಾಲದಿದ್ದಾಗ ಹಲವರು ಮೊದಲು ನಿದ್ದೆ ಕಡಿಮೆ ಮಾಡುತ್ತಾರೆ, ಆಮೇಲೆ ಊಟ ಬಿಡುತ್ತಾರೆ. ಮೈಗ್ರೇನ್, ಅಂದರೆ ಅರೆತಲೆನೋವು ಇರುವವರಲ್ಲಿ ಇವೆರಡೂ ನೋವನ್ನು ಕೆರಳಿಸುವ ಸಾಮಾನ್ಯ ಕಾರಣಗಳು. ಚಿಕಿತ್ಸೆ ಇಲ್ಲದಿದ್ದರೆ ಒಂದು ಸಲದ ನೋವು 4ರಿಂದ 72 ಗಂಟೆಗಳವರೆಗೆ ಇರಬಹುದು. ರಾತ್ರಿ ನಿದ್ದೆಗೆಟ್ಟು ಗಳಿಸಿದ ಎರಡು ಗಂಟೆಗೆ ಬದಲಾಗಿ ಮರುದಿನವೇ ಕೈತಪ್ಪಬಹುದು.

ವೇಳಾಪಟ್ಟಿಯನ್ನು ಎಲ್ಲಿಂದ ಶುರು ಮಾಡಬೇಕು?

ಪಟ್ಟಿಯಲ್ಲಿ ಮೊದಲು ನಿದ್ದೆ, ಊಟ ಮತ್ತು ಔಷಧದ ಸಮಯವನ್ನು ಬರೆಯಿರಿ. ನಂತರ ಕಾಲೇಜಿನ ಕೆಲಸ ಸೇರಿಸಿ. ಉಳಿದದ್ದು ಮಾತ್ರ ಗೇಟ್ ಓದಿಗೆ.

ಮುಂಬೈ ಅಥವಾ ಪುಣೆಯಲ್ಲಿ ಮನೆಯಿಂದಲೇ ಕಾಲೇಜಿಗೆ ಓಡಾಡುವ ವಿದ್ಯಾರ್ಥಿಯೊಬ್ಬರ ವಾರವನ್ನು ಲೆಕ್ಕ ಹಾಕೋಣ. ವಾರಕ್ಕೆ 168 ಗಂಟೆ. ದಿನಕ್ಕೆ 8ರಂತೆ ನಿದ್ದೆಗೆ 56, ತರಗತಿ ಮತ್ತು ಲ್ಯಾಬ್‌ಗೆ 35, ಪ್ರಯಾಣಕ್ಕೆ 12, ಸ್ನಾನ, ಊಟ, ಮನೆಗೆಲಸಕ್ಕೆ 21, ಪ್ರಾಜೆಕ್ಟ್ ಮತ್ತು ಅಸೈನ್‌ಮೆಂಟ್‌ಗೆ 14, ನಡಿಗೆ ಹಾಗೂ ವಿಶ್ರಾಂತಿಗೆ 10. ಉಳಿಯುವುದು 20 ಗಂಟೆ. ಇದರಲ್ಲೂ 4 ಗಂಟೆಯನ್ನು ತಲೆನೋವಿನ ದಿನಕ್ಕೆಂದು ಖಾಲಿ ಬಿಡಿ. ನೋವು ಬಂದರೆ ಅಂದಿನ ಪಾಠವನ್ನು ಆ ವೇಳೆಗೆ ಸರಿಸಬಹುದು. ಬರದಿದ್ದರೆ ಪುನರಾವರ್ತನೆಗೆ ಬಳಸಬಹುದು. ಹಾಗಾಗಿ ಹೊಸ ಪಾಠಕ್ಕೆ ವಾರಕ್ಕೆ 16 ಗಂಟೆ.

ಬೇಗ ಶುರು ಮಾಡುವುದು ಏಕೆ ಮುಖ್ಯ?

ಆಗಸ್ಟ್‌ನಲ್ಲಿ ಶುರು ಮಾಡಿದರೆ ಜನವರಿ ಕೊನೆಯವರೆಗೆ ಸುಮಾರು 26 ವಾರ ಸಿಗುತ್ತವೆ. ಸೆಮಿಸ್ಟರ್ ಪರೀಕ್ಷೆಗೆ 4 ವಾರ ಬಿಟ್ಟರೂ 22 ವಾರ, ಅಂದರೆ ಸುಮಾರು 350 ಗಂಟೆ. ಅಷ್ಟನ್ನೇ ಕೊನೆಯ 10 ವಾರಗಳಲ್ಲಿ ಓದಬೇಕೆಂದರೆ ವಾರಕ್ಕೆ 35 ಗಂಟೆ ಬೇಕು. ಹೆಚ್ಚುವರಿ 19 ಗಂಟೆಯನ್ನು ನಿದ್ದೆಯಿಂದಲೇ ತೆಗೆದರೆ ದಿನಕ್ಕೆ ಐದೂವರೆ ಗಂಟೆಯ ನಿದ್ದೆಯೂ ಉಳಿಯುವುದಿಲ್ಲ. ಮೈಗ್ರೇನ್ ಇರುವವರಿಗೆ ತಡವಾದ ಆರಂಭ ಹೆಚ್ಚು ದುಬಾರಿಯಾಗುವುದು ಇದೇ ಕಾರಣಕ್ಕೆ.

ಭಾನುವಾರ ಮಧ್ಯಾಹ್ನದವರೆಗೆ ಮಲಗಿ ನಿದ್ದೆಯ ಬಾಕಿ ತೀರಿಸುವುದೂ ಕೆಲವರಲ್ಲಿ ನೋವು ತರುತ್ತದೆ. ರಜೆಯ ದಿನವೂ ಏಳುವ ಹೊತ್ತು ಹೆಚ್ಚು ಬದಲಾಗದಿರಲಿ. ಕಾಫಿ, ಚಹಾದ ಪ್ರಮಾಣವೂ ಹಾಗೆಯೇ. ಪರೀಕ್ಷೆ ಹತ್ತಿರ ಬಂತೆಂದು ಹಠಾತ್ತನೆ ಹೆಚ್ಚಿಸಬೇಡಿ, ಹಠಾತ್ತನೆ ಬಿಡಲೂ ಬೇಡಿ.

ನೋವಿನ ಮಾತ್ರೆ ತೆಗೆದುಕೊಂಡು ಓದಬಹುದೇ?

ವೈದ್ಯರು ಹೇಳಿದಂತೆ, ನೋವು ಶುರುವಾದ ಕೂಡಲೇ ಮಾತ್ರೆ ತೆಗೆದುಕೊಳ್ಳುವುದು ಸರಿ. ಆದರೆ ದಿನಗಳನ್ನು ಎಣಿಸಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂತಹ ಮಾತ್ರೆಗಳನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಟ್ರಿಪ್ಟಾನ್ ಗುಂಪಿನವನ್ನು ಅಥವಾ ಹಲವು ನೋವುನಿವಾರಕಗಳು ಬೆರೆತ ಮಾತ್ರೆಗಳನ್ನು 10 ಅಥವಾ ಹೆಚ್ಚು ದಿನ, ಹೀಗೆ ಮೂರು ತಿಂಗಳಿಗೂ ಮೀರಿ ತೆಗೆದುಕೊಂಡರೆ ಮಾತ್ರೆಗಳೇ ತಲೆನೋವಿಗೆ ಕಾರಣವಾಗಬಹುದು. ಮೆಡಿಕಲ್ ಅಂಗಡಿಯಲ್ಲಿ ತಾವೇ ಕೇಳಿ ತಂದು ನುಂಗುವವರಲ್ಲಿ ಇದು ಗಮನಕ್ಕೆ ಬಾರದೆ ಹೋಗುತ್ತದೆ.

ನೋವು ಪದೇಪದೇ ಬರುತ್ತಿದ್ದರೆ ವೈದ್ಯರು ಅದನ್ನು ತಡೆಯುವ ಔಷಧವನ್ನು ದಿನವೂ ತೆಗೆದುಕೊಳ್ಳಲು ಹೇಳಬಹುದು. ಅದರ ಪೂರ್ಣ ಪರಿಣಾಮ ತಿಳಿಯಲು ಸುಮಾರು ಎರಡು ತಿಂಗಳು ಬೇಕಾಗಬಹುದು. ಇವುಗಳಲ್ಲಿ ಅಮಿಟ್ರಿಪ್ಟಿಲಿನ್ ಕೆಲವರಿಗೆ ತೂಕಡಿಕೆ ತರುತ್ತದೆ. ಟೋಪಿರಾಮೇಟ್‌ನಿಂದ ಕೆಲವರಿಗೆ ಪದಗಳು ತಕ್ಷಣ ನೆನಪಾಗುವುದಿಲ್ಲ, ಯೋಚನೆ ನಿಧಾನವಾಗುತ್ತದೆ. ಆದ್ದರಿಂದ ವೈದ್ಯರನ್ನು ಜನವರಿಯಲ್ಲಲ್ಲ, ಓದು ಶುರುವಾಗುವಾಗಲೇ ಕಾಣಿ. ಫೆಬ್ರವರಿಯಲ್ಲಿ ಪರೀಕ್ಷೆ ಇದೆಯೆಂದು ಹೇಳಿ. ಪರೀಕ್ಷೆಯ ಹಿಂದಿನ ವಾರ ಹೊಸ ಔಷಧ ಶುರು ಮಾಡುವುದಾಗಲಿ, ಹಳೆಯದನ್ನು ನೀವಾಗಿಯೇ ನಿಲ್ಲಿಸುವುದಾಗಲಿ ಬೇಡ.

ಪರೀಕ್ಷೆಯ ದಿನಕ್ಕೆ ಏನು ಸಿದ್ಧತೆ?

ಗೇಟ್‌ನಲ್ಲಿ ಕಂಪ್ಯೂಟರ್ ಪರದೆಯ ಮುಂದೆ 3 ಗಂಟೆ ಕೂರಬೇಕು. ಒಟ್ಟು 65 ಪ್ರಶ್ನೆ, 100 ಅಂಕ. ಪರೀಕ್ಷೆಗೆ ಒಂದು ತಿಂಗಳ ಮೊದಲಿನಿಂದ ವಾರಕ್ಕೊಂದು ಅಣಕು ಪರೀಕ್ಷೆಯನ್ನು ನಿಮ್ಮ ಪತ್ರಿಕೆ ನಡೆಯುವ ಹೊತ್ತಿನಲ್ಲೇ ಬರೆಯಿರಿ. ಅದಕ್ಕೂ ಮೊದಲು ಏನು ತಿಂದರೆ, ಎಷ್ಟು ನೀರು ಕುಡಿದರೆ ಸರಿಹೋಗುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಮಾತ್ರೆಯನ್ನು ಒಳಗೆ ಒಯ್ಯಬಹುದೇ ಎಂದು ಪರೀಕ್ಷಾ ಸೂಚನೆಗಳನ್ನು ಓದಿ ಮೊದಲೇ ಕೇಳಿಕೊಳ್ಳಿ.

ಗೇಟ್ ಅನ್ನು ಮೂರನೇ ವರ್ಷದಿಂದಲೇ ಬರೆಯಬಹುದು. ಅಂಕಪಟ್ಟಿ ಫಲಿತಾಂಶದಿಂದ 3 ವರ್ಷ ಊರ್ಜಿತವಾಗಿರುತ್ತದೆ. ಅಂದು ನೋವು ಬಂದು ಪರೀಕ್ಷೆ ಕೆಟ್ಟರೂ ಮುಂದಿನ ವರ್ಷ ಮತ್ತೆ ಬರೆಯಲು ಅವಕಾಶವಿದೆ.

ಮನೆಯವರು ಏನು ಮಾಡಬಹುದು?

ರಾತ್ರಿಯ ಊಟ ಹೊತ್ತಿಗೆ ಸರಿಯಾಗಿ ಸಿಗುವಂತೆ ನೋಡಿಕೊಳ್ಳಿ. ನೋವು ಬಂದಾಗ ಬೆಳಕು, ಸದ್ದು ಕಡಿಮೆ ಮಾಡಿ ಮಲಗಲು ಬಿಡಿ. ಅದು ಓದು ತಪ್ಪಿಸುವ ನೆಪವಲ್ಲ. ನೋವು ಬಂದ ದಿನ, ಹಿಂದಿನ ರಾತ್ರಿಯ ನಿದ್ದೆ, ತೆಗೆದುಕೊಂಡ ಮಾತ್ರೆ ಇವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಲು ನೆರವಾಗಿ. ವೈದ್ಯರಿಗೆ ಆ ಕ್ಯಾಲೆಂಡರ್ ತೋರಿಸಿ.

ಆತಂಕ, ಬೇಸರ ವಾರಗಟ್ಟಲೆ ಮುಂದುವರಿದರೆ ಅಥವಾ ಬದುಕೇ ಬೇಡವೆಂಬ ಮಾತು ಬಂದರೆ ಕಾಯಬೇಡಿ. ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೂ ಮಾತನಾಡಬಹುದು.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?

• ಹಿಂದೆಂದೂ ಇಲ್ಲದಷ್ಟು ತೀವ್ರ ನೋವು ಒಮ್ಮೆಲೇ ಬಂದರೆ
• ನೋವಿನ ಜೊತೆ ಜ್ವರ, ಕುತ್ತಿಗೆ ಬಿಗಿತ ಇದ್ದರೆ
• ಕೈಕಾಲಿನ ಶಕ್ತಿ ಕುಂದಿದರೆ, ಮಾತು ತೊದಲಿದರೆ, ದೃಷ್ಟಿ ಹೋದರೆ
• ಗೊಂದಲ, ಫಿಟ್ಸ್ ಅಥವಾ ಪ್ರಜ್ಞೆ ತಪ್ಪುವುದು ಕಂಡರೆ
• ತಲೆಗೆ ಪೆಟ್ಟು ಬಿದ್ದ ನಂತರ ನೋವು ಶುರುವಾದರೆ

ಇವನ್ನು ಓದಿನ ಒತ್ತಡವೆಂದು ಭಾವಿಸಿ ಮನೆಯಲ್ಲೇ ಕಾಯಬೇಡಿ. 112ಕ್ಕೆ ಕರೆ ಮಾಡಿ ಅಥವಾ ಹತ್ತಿರದ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.