ಎರಡನೇ ಮಾನಿಟರ್ ಬೇಕಾ? ಮೊದಲು ಪೋರ್ಟ್ ನೋಡಿ

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯೋದನ್ನ ನಾವೆಲ್ಲ ಲೈವ್ ನೋಡಿದ್ವಿ. ಬೆಂಗಳೂರಿನ ಇಸ್ಟ್ರಾಕ್ ಕೇಂದ್ರದಲ್ಲಿ ಎದುರಿನ ಗೋಡೆ ತುಂಬಾ ಪರದೆಗಳು, ಸಾಲು ಟೇಬಲ್‌ಗಳ ಮೇಲೂ ಮಾನಿಟರ್‌ಗಳು. ಅದು ಶೋಕಿಗಲ್ಲ. ಎತ್ತರ, ವೇಗ, ದಿಕ್ಕು ಎಲ್ಲವೂ ಒಟ್ಟಿಗೆ ಬದಲಾಗ್ತಿರುವಾಗ ವಿಂಡೋ ಬದಲಾಯಿಸ್ತಾ ಕೂರೋಕಾಗಲ್ಲ. ಕಣ್ಣು ಹಾಯಿಸಿದ ಕಡೆ ಮಾಹಿತಿ ಇರಬೇಕು.

ನಮ್ಮ ಹಾಸ್ಟೆಲ್ ಟೇಬಲ್‌ಗೂ ಇದೇ ಲೆಕ್ಕ. ಒಂದು ಕಡೆ ಡೇಟಾಶೀಟ್, ಇನ್ನೊಂದು ಕಡೆ ಕೋಡ್ ಬೇಕು ಅಂದ್ರೆ ಎರಡನೇ ಪರದೆ ನಿಜವಾಗಿಯೂ ಉಪಯೋಗ. ಆದರೆ ಆರು ಮಾನಿಟರ್‌ಗಳ ಫೋಟೋ ನೋಡಿ, ಕೂಡಿಟ್ಟ ದುಡ್ಡು ತೆಗೆಯೋ ಮೊದಲು ಕೆಲವು ವಿಷಯ ತಿಳಿದಿರಲಿ.

ಕೇಬಲ್‌ನಲ್ಲಿ ಎಷ್ಟು ಹರಿಯುತ್ತೆ? 1920×1080 ಅಂದ್ರೆ ಸುಮಾರು 20.7 ಲಕ್ಷ ಪಿಕ್ಸೆಲ್. ಪ್ರತಿಯೊಂದಕ್ಕೂ 24 ಬಿಟ್, ಸೆಕೆಂಡಿಗೆ 60 ಸಲ. ಗುಣಿಸಿದರೆ ಹತ್ತಿರ ಹತ್ತಿರ 3 ಗಿಗಾಬಿಟ್. 4ಕೆ ಆದರೆ ಇದರ ನಾಲ್ಕು ಪಟ್ಟು, ಸುಮಾರು 12. ಎಚ್‌ಡಿಎಂಐ 1.4ರಲ್ಲಿ ಚಿತ್ರಕ್ಕೆ ಸಿಗೋದು 8.16 ಗಿಗಾಬಿಟ್ ಮಾತ್ರ. ಹಾಗಾಗಿ ಹಳೇ ಲ್ಯಾಪ್‌ಟಾಪ್‌ಗೆ 4ಕೆ ಮಾನಿಟರ್ ಹಾಕಿದರೆ 30 ಹರ್ಟ್ಜ್‌ಗೆ ಇಳಿಯುತ್ತೆ, ಮೌಸ್ ಕುಂಟುತ್ತೆ. ಎಚ್‌ಡಿಎಂಐ 2.0ರಲ್ಲಿ 14.4 ಸಿಗುತ್ತೆ, ಅಲ್ಲಿ 60 ಹರ್ಟ್ಜ್ ಆರಾಮ.

ಟೈಪ್-ಸಿ ಎಲ್ಲಾ ಒಂದೇ ಅಲ್ಲ. ಕೆಲವು ಟೈಪ್-ಸಿ ಪೋರ್ಟ್‌ಗಳಲ್ಲಿ ಚಾರ್ಜಿಂಗ್ ಮತ್ತು ಡೇಟಾ ಅಷ್ಟೇ, ಚಿತ್ರ ಹೊರಗೆ ಬರಲ್ಲ. ಮಾಡೆಲ್‌ನ ವಿವರದಲ್ಲಿ 'ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್' ಅಥವಾ 'ಥಂಡರ್‌ಬೋಲ್ಟ್' ಅಂತ ಇದೆಯಾ ನೋಡಿ. ಗ್ರಾಫಿಕ್ಸ್ ಚಿಪ್‌ಗೂ ಮಿತಿ ಇದೆ: ಎಂ1 ಮ್ಯಾಕ್‌ಬುಕ್ ಏರ್ ನೇರವಾಗಿ ಒಂದೇ ಒಂದು ಹೊರಗಿನ ಮಾನಿಟರ್ ನಡೆಸುತ್ತೆ.

ಸ್ಪ್ಲಿಟರ್ ಬಲೆಗೆ ಬೀಳಬೇಡಿ. ಸಾಮಾನ್ಯ ಎಚ್‌ಡಿಎಂಐ ಸ್ಪ್ಲಿಟರ್ ಎರಡೂ ಪರದೆಗೆ ಒಂದೇ ಚಿತ್ರ ಕಳಿಸುತ್ತೆ. ಸೆಮಿನಾರ್ ಹಾಲ್‌ಗೆ ಸರಿ, ನಮ್ಮ ಕೆಲಸಕ್ಕಲ್ಲ. ಒಂದೇ ಪೋರ್ಟ್‌ನಿಂದ ಬೇರೆ ಬೇರೆ ಚಿತ್ರ ಬೇಕಾದರೆ ಡಿಸ್‌ಪ್ಲೇಪೋರ್ಟ್ 1.2ರಲ್ಲಿ ಬಂದ ಎಂಎಸ್‌ಟಿ ಇದೆ. ಲ್ಯಾಪ್‌ಟಾಪ್‌ನಿಂದ ಮೊದಲ ಮಾನಿಟರ್, ಅಲ್ಲಿಂದ ಎರಡನೆಯದು, ಸರಪಳಿ ಥರ. ಆದರೆ ಲ್ಯಾಪ್‌ಟಾಪ್, ಮೊದಲ ಮಾನಿಟರ್ ಎರಡರಲ್ಲೂ ಆ ಸೌಲಭ್ಯ ಇರಬೇಕು. ಬ್ಯಾಂಡ್‌ವಿಡ್ತ್ ಹಂಚಿಹೋಗುತ್ತೆ ಅನ್ನೋದೂ ನೆನಪಿರಲಿ.

ದೊಡ್ಡದಾದಷ್ಟೂ ಚೆಂದ ಅಲ್ಲ. 1080ಪಿ ಚಿತ್ರ 24 ಇಂಚಿನಲ್ಲಿ ಇಂಚಿಗೆ ಸುಮಾರು 92 ಪಿಕ್ಸೆಲ್, 27 ಇಂಚಿನಲ್ಲಿ 82 ಮಾತ್ರ. ಅಕ್ಷರ ಒರಟಾಗಿ ಕಾಣುತ್ತೆ. ಕೋಡ್ ಓದೋರಿಗೆ ಇದು ದಿನವಿಡೀ ಕಾಡುತ್ತೆ. 27 ಇಂಚೇ ಬೇಕಂದ್ರೆ 2560×1440 ತಗೊಳ್ಳಿ.

ಇನ್ನು ಕೂರಿಸೋ ರೀತಿ. ಹೆಚ್ಚು ಬಳಸೋ ಪರದೆ ಮುಖದ ನೇರಕ್ಕೆ, ಒಂದು ಕೈಯಳತೆ ದೂರದಲ್ಲಿರಲಿ, ಮೇಲಂಚು ಕಣ್ಣಿನ ಮಟ್ಟಕ್ಕಿರಲಿ. ಇನ್ನೊಂದು ಪಕ್ಕದಲ್ಲಿ, ಸ್ವಲ್ಪ ಒಳಮುಖವಾಗಿ. ಇಡೀ ದಿನ ಕತ್ತು ಒಂದೇ ಕಡೆ ತಿರುಗಿಸಿಟ್ಟರೆ ನೋವು ಗ್ಯಾರಂಟಿ.

ದುಡ್ಡು ಕೊಡೋ ಮೊದಲು ಪಕ್ಕದ ರೂಮಿನವರ ಮಾನಿಟರ್‌ಗೆ ನಿಮ್ಮ ಲ್ಯಾಪ್‌ಟಾಪ್ ಒಮ್ಮೆ ಹಾಕಿ ನೋಡಿ. ಐದು ನಿಮಿಷದ ಕೆಲಸ, ಪೋರ್ಟ್‌ನ ಯೋಗ್ಯತೆ ಅಲ್ಲೇ ಗೊತ್ತಾಗುತ್ತೆ.