ಹಲಸಿನ ಹಣ್ಣಿನ ಕೇಕ್

ಹಲಸಿನ ಹಣ್ಣಿನ ಕೇಕ್ ಎಂಬುದು ಮಾಗಿದ ಹಲಸಿನ ತೊಳೆ, ರವೆ, ಬೆಲ್ಲ ಮತ್ತು ತೆಂಗಿನಕಾಯಿ ತುರಿಯನ್ನು ಕಲಸಿ, ಸುತ್ತಲಿನ ಒಣ ಶಾಖದಲ್ಲಿ ಬೇಯಿಸಿ ಮಾಡುವ ಸಿಹಿ ತಿನಿಸು. ಇದಕ್ಕೆ ಮೊಟ್ಟೆ, ಮೈದಾ ಮತ್ತು ಬಿಳಿ ಸಕ್ಕರೆ ಬೇಕಾಗುವುದಿಲ್ಲ. ಹಣ್ಣಿನ ತಿರುಳೇ ಹಿಟ್ಟಿಗೆ ತೇವವನ್ನೂ ಪರಿಮಳವನ್ನೂ ಸಿಹಿಯ ಒಂದು ಭಾಗವನ್ನೂ ಒದಗಿಸುತ್ತದೆ. ಹೆಸರಿನಲ್ಲಿ ಕೇಕ್ ಎಂಬ ಪದವಿದ್ದರೂ ಕೆಂಡದ ಶಾಖದಲ್ಲಿ ಇಂತಹ ತಿನಿಸುಗಳನ್ನು ಬೇಯಿಸುವ ಪದ್ಧತಿ ಕರ್ನಾಟಕದ ಕರಾವಳಿಯಲ್ಲಿ ಮೊದಲಿನಿಂದಲೂ ಇದೆ. ಹಲಸು ಮತ್ತು ತೆಂಗು ಎರಡೂ ದೊರೆಯುವ ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮತ್ತು ಗುಬ್ಬಿ ತಾಲ್ಲೂಕುಗಳಲ್ಲಿ ಇದರ ಮುಖ್ಯ ಪದಾರ್ಥಗಳೆಲ್ಲವೂ ಸುಲಭವಾಗಿ ಸಿಗುತ್ತವೆ.

ಸಂಬಂಧಿತ ತಿನಿಸುಗಳು

ಹಲಸಿನ ಹಣ್ಣಿನಿಂದ ಮಾಡುವ ಸಿಹಿಗಳಲ್ಲಿ ಹಬೆಯಲ್ಲಿ ಬೇಯಿಸುವವೇ ಹೆಚ್ಚು. ಮಲೆನಾಡಿನ ಹಲಸಿನ ಹಣ್ಣಿನ ಕಡುಬು, ತುಳುನಾಡಿನಲ್ಲಿ ಎಲೆಯಲ್ಲಿ ಸುತ್ತಿ ಬೇಯಿಸುವ ಗಟ್ಟಿ ಇವು ಪ್ರಸಿದ್ಧವಾದವು. ಒಣ ಶಾಖದಲ್ಲಿ ಬೇಯಿಸುವ ಬಗೆಗೆ ಕರಾವಳಿಯ ಕೆಂಡತ್ತಡ್ಯ ಉದಾಹರಣೆಯಾಗಿದೆ. ಪಾತ್ರೆಯ ಅಡಿಯಲ್ಲಿ ಮತ್ತು ಮುಚ್ಚಳದ ಮೇಲೆ ಕೆಂಡವಿಟ್ಟು ಬೇಯಿಸುವುದರಿಂದ ಅದಕ್ಕೆ ಆ ಹೆಸರು ಬಂದಿದೆ. ಕೊಂಕಣಿ ಮನೆಗಳ ತವಸಳಿಯೂ ಇದೇ ಕುಲಕ್ಕೆ ಸೇರಿದ್ದು. ಕೊಂಕಣಿಯಲ್ಲಿ ‘ತವಶೆ’ ಎಂದರೆ ಸೌತೆಕಾಯಿ. ಅದನ್ನು ತುರಿದು ರವೆ, ಬೆಲ್ಲ, ತೆಂಗಿನಕಾಯಿಯೊಡನೆ ಕಲಸಿ ಬೇಯಿಸಲಾಗುತ್ತದೆ.

ಹಳೆಯ ಮೈಸೂರು ಸೀಮೆಯಲ್ಲಿ ಮೊಟ್ಟೆಯಿಲ್ಲದ ಕೇಕ್ ಜನರಿಗೆ ಪರಿಚಿತವಾದುದು ಬಹುಮಟ್ಟಿಗೆ ಅಯ್ಯಂಗಾರ್ ಬೇಕರಿಗಳಿಂದ. ಹಾಸನ ಜಿಲ್ಲೆಯ ಮೂಲದ ಕುಟುಂಬಗಳು ಬೆಳೆಸಿದ ಈ ಬೇಕರಿಗಳಲ್ಲಿ ದೊರೆಯುವ ದಿಲ್‌ಪಸಂದ್‌ನ ಹೂರಣದಲ್ಲಿ ತೆಂಗಿನಕಾಯಿ ತುರಿಯೇ ಪ್ರಧಾನ. ಹಲಸಿನ ಹಣ್ಣಿನ ಕೇಕ್ ಈ ಎರಡು ಪರಂಪರೆಗಳ ನಡುವೆ ನಿಲ್ಲುತ್ತದೆ: ಪದಾರ್ಥಗಳು ಅಡುಗೆಮನೆಯ ಕೆಂಡದ ತಿನಿಸಿನವು, ಆಕಾರ ಬೇಕರಿಯದು.

ಪ್ರಾದೇಶಿಕ ಹಿನ್ನೆಲೆ

ತಿಪಟೂರು ಉಂಡೆ ಕೊಬ್ಬರಿಯ ಮಾರುಕಟ್ಟೆಗೆ ಹೆಸರಾದ ಊರು. ತುಮಕೂರು ಜಿಲ್ಲೆಗೆ ‘ಕಲ್ಪತರು ನಾಡು’ ಎಂಬ ಹೆಸರಿರುವುದು ಇಲ್ಲಿನ ತೆಂಗಿನಿಂದ. ‘ತಿಪಟೂರು ಟಾಲ್’ ಎಂಬ ಎತ್ತರದ ತಳಿಯೂ ಈ ಊರಿನ ಹೆಸರನ್ನೇ ಹೊತ್ತಿದೆ. ಬಲಿತ ಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಟ್ಟು, ಒಳಗಿನ ನೀರು ಇಂಗಿದ ಮೇಲೆ ಒಡೆದು ಉಂಡೆ ಕೊಬ್ಬರಿ ತೆಗೆಯುವುದು ಇಲ್ಲಿನ ಕ್ರಮ.

ಹಲಸಿನ ಸ್ಥಿತಿ ಇದಕ್ಕೆ ವಿರುದ್ಧವಾದುದು. ಕೊಬ್ಬರಿ ಕಾದು ನಿಲ್ಲುತ್ತದೆ, ಹಲಸು ಕಾಯುವುದಿಲ್ಲ. ಬಯಲುಸೀಮೆಯ ತೋಟದ ಬದುಗಳಲ್ಲಿ ಬೆಳೆಯುವ ಮರಗಳು ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಫಲ ಕೊಡುತ್ತವೆ. ಹಣ್ಣುಗಳು ಒಟ್ಟಿಗೆ ಮಾಗುವುದರಿಂದ ಮನೆಯವರು ತಿಂದು, ನೆರೆಯವರಿಗೆ ಹಂಚಿದ ಮೇಲೂ ಉಳಿಯುತ್ತವೆ. ಉಳಿದದ್ದು ಒಂದೆರಡು ದಿನಗಳಲ್ಲಿ ಕೊಳೆಯುತ್ತದೆ. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿನ ವ್ಯಾಪಾರಕ್ಕೆ ಹೆಸರಾಗಿದೆ. ಚೇಳೂರಿನ ರೈತ ಎಸ್. ಎಸ್. ಪರಮೇಶ್ ಅವರ ತೋಟದ ಒಂದು ಮರವನ್ನು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹಿರೇಹಳ್ಳಿ ಕೇಂದ್ರದ ವಿಜ್ಞಾನಿಗಳು ಗುರುತಿಸಿ, ‘ಸಿದ್ದು ಹಲಸು’ ಎಂಬ ಹೆಸರಿನಲ್ಲಿ ಅದರ ಕಸಿ ಗಿಡಗಳ ಪ್ರಸಾರಕ್ಕೆ ನೆರವಾದರು. ಆ ಹೆಸರು ರೈತನ ತಂದೆಯಿಂದ ಬಂದುದು. ತಾಮ್ರಗೆಂಪು ತೊಳೆಗಳ ಈ ಹಣ್ಣು ಸಾಮಾನ್ಯವಾಗಿ ಎರಡೂವರೆ ಕಿಲೋಗ್ರಾಂ ಆಸುಪಾಸಿನಲ್ಲಿರುವುದರಿಂದ ಸಣ್ಣ ಸಂಸಾರಕ್ಕೆ ಒಗ್ಗುತ್ತದೆ. ಇದರಿಂದ ಮಾಡಿದ ಕೇಕಿಗೆ ಯಾವ ಬಣ್ಣವನ್ನೂ ಸೇರಿಸಬೇಕಾಗಿಲ್ಲ.

ಪದಾರ್ಥಗಳು

ಇಪ್ಪತ್ತು ಸೆಂಟಿಮೀಟರ್ ಅಗಲದ ಚೌಕಾಕಾರದ ಒಂದು ತಟ್ಟೆಗೆ, ಅಂದರೆ 16 ತುಂಡುಗಳಿಗೆ, ಬೇಕಾಗುವ ಪ್ರಮಾಣ ಹೀಗಿದೆ:

• ಬೀಜ ತೆಗೆದ ಮಾಗಿದ ಹಲಸಿನ ತೊಳೆ – 400 ಗ್ರಾಂ
• ಸಣ್ಣ ರವೆ – 200 ಗ್ರಾಂ
• ಪುಡಿ ಮಾಡಿದ ಬೆಲ್ಲ – 150 ಗ್ರಾಂ
• ಹಸಿ ತೆಂಗಿನಕಾಯಿ ತುರಿ – 100 ಗ್ರಾಂ
• ತೆಂಗಿನಕಾಯಿಯ ಎರಡನೆಯ ಹಾಲು – 150 ಮಿಲಿಲೀಟರ್
• ತುಪ್ಪ ಅಥವಾ ಕೊಬ್ಬರಿ ಎಣ್ಣೆ – 50 ಗ್ರಾಂ
• ಹುಳಿ ಮೊಸರು – ಮೂರು ದೊಡ್ಡ ಚಮಚ
• ಅಡುಗೆ ಸೋಡ – ಅರ್ಧ ಚಹಾ ಚಮಚ
• ಏಲಕ್ಕಿ – ನಾಲ್ಕು. ಉಪ್ಪು – ಒಂದು ಚಿಟಿಕೆ

ಹಲಸಿನಲ್ಲಿ ಗಟ್ಟಿ ತೊಳೆಯ ಬಕ್ಕೆ ಮತ್ತು ಮೆತ್ತನೆಯ, ನಾರು ಹೆಚ್ಚಿರುವ ಅಂಬಲಿ ಎಂಬ ಎರಡು ಬಗೆಗಳಿವೆ. ಅಂಬಲಿ ಹಲಸನ್ನು ಹಾಗೆಯೇ ತಿನ್ನಲು ಹಲವರು ಇಷ್ಟಪಡುವುದಿಲ್ಲ. ಆದರೆ ಕೇಕಿಗೆ ಅದು ತಕ್ಕುದು. ಕೈಯಿಂದ ಕಿವುಚಿ, ಜರಡಿಯಲ್ಲಿ ಸೋಸಿದರೆ ನಾರು ಬೇರ್ಪಟ್ಟು ನುಣುಪಾದ ರಸ ದೊರೆಯುತ್ತದೆ. ಬಕ್ಕೆಯಾದರೆ ರುಬ್ಬಬೇಕು.

ಹಸಿ ತುರಿಯ ಬದಲು ಕೊಬ್ಬರಿ ತುರಿಯನ್ನೂ ಬಳಸಬಹುದು, ಆದರೆ ಅಳತೆ ಒಂದೇ ಆಗದು. ಹಸಿ ಕಾಯಿಯ ತಿರುಳಿನಲ್ಲಿ ಕೊಬ್ಬಿನಂಶ ನೂರಕ್ಕೆ ಸುಮಾರು 33ರಷ್ಟಿದ್ದರೆ, ಒಣಗಿದ ಕೊಬ್ಬರಿಯಲ್ಲಿ ಅದು 65ರ ಸಮೀಪಕ್ಕೆ ಏರುತ್ತದೆ. ಆದ್ದರಿಂದ ಕೊಬ್ಬರಿ ತುರಿ 50 ಗ್ರಾಂ ಸಾಕು. ಅದು ನೀರನ್ನು ಹೀರುವುದರಿಂದ ಕಾಯಿಹಾಲನ್ನು ತುಸು ಹೆಚ್ಚಿಸಬೇಕು. ಮುಗ್ಗಲು ವಾಸನೆಯ ಕೊಬ್ಬರಿಯನ್ನು ಬಳಸಬಾರದು. ಬೇಯಿಸಿದರೆ ಆ ವಾಸನೆ ಹೋಗುವುದಿಲ್ಲ.

ತಯಾರಿಸುವ ವಿಧಾನ

ಹಲಸನ್ನು ಬಿಡಿಸುವ ಮುನ್ನ ಕೈಗೂ ಚಾಕುವಿಗೂ ಎಣ್ಣೆ ಸವರಿಕೊಂಡರೆ ಮೇಣ ಅಂಟುವುದಿಲ್ಲ. ತೊಳೆಗಳಿಂದ ಬೀಜವನ್ನೂ ಅದರ ಮೇಲಿನ ಪೊರೆಯನ್ನೂ ತೆಗೆದು, ನೀರು ಸೇರಿಸದೆ ರುಬ್ಬಬೇಕು. ಬೆಲ್ಲವನ್ನು ಬೆಚ್ಚನೆಯ ಕಾಯಿಹಾಲಿನಲ್ಲಿ ಕರಗಿಸಿ, ಕಲ್ಲು ಕಸ ಹೋಗುವಂತೆ ಸೋಸಿಕೊಳ್ಳಬೇಕು. ರವೆಯನ್ನು ಅರ್ಧದಷ್ಟು ತುಪ್ಪದಲ್ಲಿ ಸಣ್ಣ ಉರಿಯ ಮೇಲೆ ಪರಿಮಳ ಬರುವವರೆಗೆ ಹುರಿಯಬೇಕು, ಬಣ್ಣ ಕೆಂಪಾಗಬಾರದು.

ರವೆ ತಣ್ಣಗಾದ ಮೇಲೆ ಹಣ್ಣಿನ ರಸ, ಬೆಲ್ಲದ ಹಾಲು, ಕಾಯಿತುರಿ, ಮೊಸರು, ಏಲಕ್ಕಿ ಪುಡಿ, ಉಪ್ಪು ಮತ್ತು ಉಳಿದ ತುಪ್ಪವನ್ನು ಸೇರಿಸಿ ಕಲಸಿ, ಅರ್ಧ ಗಂಟೆ ಮುಚ್ಚಿಡಬೇಕು. ಈ ವೇಳೆಯಲ್ಲಿ ರವೆ ಅರಳುತ್ತದೆ. ಆನಂತರ ಹಿಟ್ಟು ಇಡ್ಲಿ ಹಿಟ್ಟಿನ ಹದದಲ್ಲಿರಬೇಕು. ಗಟ್ಟಿಯಾಗಿದ್ದರೆ ಒಂದೆರಡು ಚಮಚ ಕಾಯಿಹಾಲು ಸೇರಿಸಬಹುದು. ಅಡುಗೆ ಸೋಡವನ್ನು ಒಲೆಗೆ ಇಡುವ ಮುನ್ನವಷ್ಟೇ ಹಾಕಿ, ಹಗುರವಾಗಿ ತಿರುವಬೇಕು.

ಓವನ್‌ನಲ್ಲಿ ಬೇಯಿಸುವುದಾದರೆ ಮೊದಲೇ 180 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿಟ್ಟು, ತುಪ್ಪ ಸವರಿದ ತಟ್ಟೆಯಲ್ಲಿ ಹಿಟ್ಟನ್ನು ಸುರಿದು 40ರಿಂದ 45 ನಿಮಿಷ ಇಡಬೇಕು. ನಡುವೆ ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟದಿದ್ದರೆ ಬೆಂದಿದೆ ಎಂದು ತಿಳಿಯಬೇಕು. ಪೂರ್ಣ ಆರಿದ ಬಳಿಕವೇ ಕತ್ತರಿಸಬೇಕು.

ಓವನ್ ಇಲ್ಲದೆ ಬೇಯಿಸುವ ಕ್ರಮ

ಓವನ್ ಇಲ್ಲದ ಮನೆಯಲ್ಲಿ ದಪ್ಪ ತಳದ ಅಗಲವಾದ ಪಾತ್ರೆಯಲ್ಲಿ ಎರಡು ಬೆರಳು ದಪ್ಪಕ್ಕೆ ಮರಳು ಅಥವಾ ಕಲ್ಲುಪ್ಪನ್ನು ಹರಡಿ, ಮೇಲೆ ಒಂದು ಸಿಂಬಿಯಿಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಬೇಕು. ಬಳಿಕ ಹಿಟ್ಟಿನ ತಟ್ಟೆಯನ್ನು ಸಿಂಬಿಯ ಮೇಲಿಟ್ಟು, ಬಿಗಿಯಾಗಿ ಮುಚ್ಚಿ, ಸಣ್ಣ ಉರಿಯಲ್ಲಿ ಸುಮಾರು ಒಂದು ಗಂಟೆ ಬೇಯಿಸಬೇಕು. ಪ್ರೆಶರ್ ಕುಕ್ಕರ್‌ ಬಳಸುವವರು ಗ್ಯಾಸ್ಕೆಟ್ ಮತ್ತು ವೆಯಿಟ್ ಎರಡನ್ನೂ ತೆಗೆದಿಡಬೇಕು. ನೀರಿಲ್ಲದೆ ಕಾಯಿಸುವುದರಿಂದ ಕುಕ್ಕರಿನ ತಳ ಹಾಳಾಗುವ ಸಂಭವವಿದೆ. ಇದಕ್ಕೆಂದೇ ಒಂದು ಹಳೆಯ ಪಾತ್ರೆಯನ್ನು ಮೀಸಲಿಡುವುದು ಒಳ್ಳೆಯದು.

ಕೆಂಡದ ಕ್ರಮದಲ್ಲಿ ಪಾತ್ರೆಯೊಳಗೆ ಬಾಡಿಸಿದ ಬಾಳೆ ಎಲೆಯನ್ನು ಹಾಸಿ ಹಿಟ್ಟನ್ನು ಸುರಿದು, ತಟ್ಟೆಯಂತಹ ಲೋಹದ ಮುಚ್ಚಳ ಮುಚ್ಚಿ, ಅದರ ಮೇಲೂ ಕೆಂಡವನ್ನು ಹರಡಲಾಗುತ್ತದೆ. ತೆಂಗಿನ ಚಿಪ್ಪಿನ ಕೆಂಡ ಹೆಚ್ಚು ಕಾಲ ಸಮನಾಗಿ ಉರಿಯುವುದರಿಂದ ಇದಕ್ಕೆ ಅನುಕೂಲ. ಅಡಿಯ ಕೆಂಡಕ್ಕಿಂತ ಮೇಲಿನ ಕೆಂಡ ಹೆಚ್ಚಿರಬೇಕು. ಇಲ್ಲವಾದರೆ ತಳ ಸೀದು ಮೇಲ್ಭಾಗ ಹಸಿಯಾಗಿ ಉಳಿಯುತ್ತದೆ. ಗಾಳಿಯಾಡುವ ಸ್ಥಳದಲ್ಲಿಯೇ ಕೆಂಡವನ್ನು ಬಳಸಬೇಕು.

ಬೇಯುವಾಗ ಆಗುವ ಬದಲಾವಣೆಗಳು

ಮೊಟ್ಟೆ ಹಾಕಿದ ಕೇಕಿನಲ್ಲಿ ಮೊಟ್ಟೆಯ ಪ್ರೋಟೀನು ಗಟ್ಟಿಯಾಗಿ ಆಕಾರವನ್ನು ಹಿಡಿದಿಡುತ್ತದೆ. ಇಲ್ಲಿ ಆ ಕೆಲಸವನ್ನು ರವೆಯ ಪಿಷ್ಟ ಮಾಡುತ್ತದೆ: ಬಿಸಿಯಾದಾಗ ಪಿಷ್ಟದ ಕಣಗಳು ನೀರನ್ನು ಹೀರಿ ಉಬ್ಬಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಿಟ್ಟನ್ನು ಅರ್ಧ ಗಂಟೆ ನೆನೆಯಲು ಬಿಡುವುದು ಇದಕ್ಕಾಗಿಯೇ. ಮೊಸರಿನ ಹುಳಿ ಸೋಡದೊಡನೆ ಸೇರಿದಾಗ ಹೊರಡುವ ಇಂಗಾಲದ ಡೈಆಕ್ಸೈಡ್ ಹಿಟ್ಟನ್ನು ತುಸು ಉಬ್ಬಿಸುತ್ತದೆ. ಸೋಡ ಬೆರೆಸಿ ಬಹಳ ಹೊತ್ತು ಇಟ್ಟರೆ ಈ ಅನಿಲ ಒಲೆಗೆ ಹೋಗುವ ಮೊದಲೇ ಹಾರಿಹೋಗುತ್ತದೆ. ಹಣ್ಣಿನ ಮತ್ತು ಬೆಲ್ಲದ ಸಕ್ಕರೆಗಳು ತೇವವನ್ನು ಹಿಡಿದಿಡುವುದರಿಂದ ಕೇಕ್ ಒಣಗುವುದಿಲ್ಲ. ಮೇಲ್ಮೈಯಲ್ಲಿ ಅವೇ ಕಂದು ಬಣ್ಣವನ್ನೂ ಸುವಾಸನೆಯನ್ನೂ ಕೊಡುತ್ತವೆ.

ಈ ಕೇಕ್ ಬೇಕರಿಯ ಕೇಕಿನಷ್ಟು ಹಗುರವಾಗುವುದಿಲ್ಲ. ಒತ್ತೊತ್ತಾಗಿ, ಮೃದುವಾಗಿ, ಕಡುಬಿಗೂ ಬರ್ಫಿಗೂ ನಡುವಣ ಹದದಲ್ಲಿರುವುದು ಇದರ ಗುಣ. ಹಗುರವಾಗಲೆಂದು ಸೋಡವನ್ನು ಹೆಚ್ಚಿಸಿದರೆ ಕಹಿಯೂ ಸಾಬೂನಿನಂತಹ ರುಚಿಯೂ ಬರುತ್ತದೆ. ನಡುಭಾಗ ಕುಸಿದು ಅಂಟಂಟಾಗಿದ್ದರೆ ಹಣ್ಣಿನ ರಸ ತೆಳುವಾಗಿತ್ತು ಅಥವಾ ಬೇಯುವ ಮುನ್ನ ಒಲೆಯನ್ನು ತೆರೆಯಲಾಗಿತ್ತು ಎಂದರ್ಥ. ರಸ ತೆಳುವಾಗಿದ್ದರೆ ಬಾಣಲೆಯಲ್ಲಿ ಸ್ವಲ್ಪ ಹೊತ್ತು ಬಾಡಿಸಿಕೊಂಡು ಬಳಸಬೇಕು.

ಪೌಷ್ಟಿಕತೆ ಮತ್ತು ಎಚ್ಚರಿಕೆ

ನೂರು ಗ್ರಾಂ ಹಲಸಿನ ತೊಳೆಯಲ್ಲಿ ಸುಮಾರು 95 ಕಿಲೋಕ್ಯಾಲೊರಿ ಶಕ್ತಿ ಮತ್ತು 23 ಗ್ರಾಂ ಕಾರ್ಬೋಹೈಡ್ರೇಟ್ ಇದ್ದು, ಅದರ ಬಹುಪಾಲು ಸಕ್ಕರೆಯಾಗಿರುತ್ತದೆ. ಪೊಟ್ಯಾಸಿಯಮ್ ಗಣನೀಯ ಪ್ರಮಾಣದಲ್ಲಿದೆ. ಮೇಲಿನ ಅಳತೆಯ ಕೇಕಿನ ಒಂದು ತುಂಡಿನಲ್ಲಿ ಅಂದಾಜು 160ರಿಂದ 180 ಕಿಲೋಕ್ಯಾಲೊರಿ ಇರುತ್ತದೆ.

ಬೆಲ್ಲ ಹಾಕಿದ ತಿನಿಸನ್ನು ಮಧುಮೇಹಿಗಳು ನಿಶ್ಚಿಂತೆಯಿಂದ ತಿನ್ನಬಹುದೆಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಬೆಲ್ಲದಲ್ಲಿ ಅಲ್ಪ ಪ್ರಮಾಣದ ಖನಿಜಗಳಿದ್ದರೂ ಅದರ ಮುಖ್ಯಾಂಶ ಸಕ್ಕರೆಯಲ್ಲಿರುವ ಸುಕ್ರೋಸೇ. ರಕ್ತದ ಸಕ್ಕರೆಯನ್ನು ಅದೂ ಏರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಆಹಾರಕ್ಕೆ ಸೇರಿಸುವ ಸಕ್ಕರೆಗಳಂಥವುಗಳಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇಕಡ 10ನ್ನು ಮೀರಬಾರದು. ದಿನಕ್ಕೆ 2000 ಕಿಲೋಕ್ಯಾಲೊರಿ ಆಹಾರ ಸೇವಿಸುವವರಿಗೆ ಇದು 50 ಗ್ರಾಂ ಆಗುತ್ತದೆ. ಈ ಕೇಕಿನ ಒಂದು ತುಂಡಿನಲ್ಲಿ ಒಂಬತ್ತು ಗ್ರಾಂಗಿಂತ ತುಸು ಹೆಚ್ಚು ಬೆಲ್ಲವಿರುತ್ತದೆ. ಚೆನ್ನಾಗಿ ಮಾಗಿದ ಹಣ್ಣಾದರೆ ಬೆಲ್ಲವನ್ನು 100 ಗ್ರಾಂಗೆ ಇಳಿಸಿದರೂ ರುಚಿ ಕೆಡುವುದಿಲ್ಲ. ತೆಂಗಿನ ಮತ್ತು ತುಪ್ಪದ ಕೊಬ್ಬಿನಲ್ಲಿ ಸ್ಯಾಚುರೇಟೆಡ್ ಕೊಬ್ಬಿನ ಪಾಲು ದೊಡ್ಡದು ಎಂಬುದನ್ನೂ ಗಮನದಲ್ಲಿಡಬೇಕು. ಮಧುಮೇಹ ಅಥವಾ ಮೂತ್ರಪಿಂಡದ ಕಾಯಿಲೆ ಉಳ್ಳವರು ವೈದ್ಯರನ್ನು ಕೇಳಿ ಪ್ರಮಾಣವನ್ನು ನಿರ್ಧರಿಸಿಕೊಳ್ಳಬೇಕು.

‘ಹಸಿದು ಹಲಸು, ಉಂಡು ಮಾವು’ ಎಂಬ ಗಾದೆ ಹಲಸನ್ನು ಊಟದ ಮೇಲೆ ತಿನ್ನುವುದಕ್ಕಿಂತ ಹಸಿದಾಗ ತಿನ್ನುವುದು ಲೇಸೆಂದು ಹೇಳುತ್ತದೆ. ಈ ಕೇಕಿಗೂ ಆ ಮಾತು ಒಪ್ಪುತ್ತದೆ: ಹೊಟ್ಟೆ ತುಂಬಿದ ಮೇಲಿನ ಸಿಹಿಯಾಗಿ ತಿನ್ನುವುದಕ್ಕಿಂತ ಸಂಜೆಯ ತಿಂಡಿಯಾಗಿ ಒಂದು ತುಂಡು ತಿನ್ನುವುದು ಹಿತಕರ.

ರೂಪಾಂತರಗಳು

ರವೆಯಲ್ಲಿ 50 ಗ್ರಾಂನಷ್ಟನ್ನು ಕಡಿಮೆ ಮಾಡಿ ಹುರಿದ ರಾಗಿ ಹಿಟ್ಟನ್ನು ಸೇರಿಸಬಹುದು. ಅದಕ್ಕಿಂತ ಹೆಚ್ಚಾದರೆ ಕೇಕ್ ಪುಡಿಪುಡಿಯಾಗುತ್ತದೆ, ಏಕೆಂದರೆ ಗೋಧಿಯಲ್ಲಿರುವ ಗ್ಲೂಟೆನ್ ರಾಗಿಯಲ್ಲಿಲ್ಲ. ಗೋಧಿ ಒಗ್ಗದವರು ಅಕ್ಕಿ ರವೆಯಿಂದ ಮಾಡಬಹುದು. ಆಗ ಹಿಟ್ಟನ್ನು ಒಂದು ಗಂಟೆಯಾದರೂ ನೆನೆಸಬೇಕು. ಹಲಸು ಸಿಗದ ಕಾಲದಲ್ಲಿ ಮಾಗಿದ ಬಾಳೆಹಣ್ಣು ಇದೇ ಅಳತೆಗೆ ಹೊಂದುತ್ತದೆ.

ಸಂಗ್ರಹಣೆ

ಹಸಿ ತೆಂಗಿನಕಾಯಿ ಇರುವುದರಿಂದ ಕೇಕ್ ಹೊರಗೆ ಒಂದು ದಿನ, ಫ್ರಿಜ್‌ನಲ್ಲಿ ಮೂರು ದಿನ ಕೆಡದೆ ಇರುತ್ತದೆ. ಹುಳಿ ವಾಸನೆ ಬಂದರೆ ಅಥವಾ ಮೇಲ್ಮೈ ಲೋಳೆಯಾದರೆ ಎಸೆಯಬೇಕು. ಹೆಚ್ಚು ಹಣ್ಣು ಬಂದಾಗ ರುಬ್ಬಿದ ರಸವನ್ನು ಬೆಲ್ಲದೊಡನೆ ತಳ ಬಿಡುವವರೆಗೆ ಕಾಯಿಸಿ ಬೆರಟಿ ಮಾಡಿಟ್ಟರೆ ಹಲಸಿನ ಕಾಲ ಮುಗಿದ ಮೇಲೂ ಬಳಸಬಹುದು. ಬೆರಟಿಯಿಂದ ಕೇಕ್ ಮಾಡುವಾಗ ಅದರಲ್ಲಿ ಸೇರಿರುವ ಬೆಲ್ಲವನ್ನು ಅಳತೆಯಿಂದ ಕಳೆದು, ಅದನ್ನು ಕಾಯಿಹಾಲಿನಲ್ಲಿ ಸಡಿಲಗೊಳಿಸಿಕೊಳ್ಳಬೇಕು. ಬಿಡಿಸಿದಾಗ ಉಳಿದ ಬೀಜಗಳನ್ನು ತೊಳೆದು ನೆರಳಿನಲ್ಲಿ ಒಣಗಿಸಿಟ್ಟರೆ ಹುಳಿ, ಪಲ್ಯಗಳಿಗೆ ಒದಗುತ್ತವೆ.