ಗೂಗಲ್ ಪುಟದಲ್ಲಿ ಹರಿಹರ ಎಲ್ಲಿದೆ?

ಇಂಗ್ಲಿಷಿನಲ್ಲಿ ‘ಹರಿಹರ್’ ಎಂದು ಗೂಗಲ್‌ಗೆ ಕೊಟ್ಟು ನೋಡಿ. ಪುಣೆಯಲ್ಲೋ ಮುಂಬೈಯಲ್ಲೋ ಕೂತವರಿಗೆ ನಾಸಿಕ್ ಜಿಲ್ಲೆಯ ಹರಿಹರ ಕೋಟೆ, ಬಂಡೆಯಲ್ಲಿ ಕೊರೆದ ಅದರ ಕಡಿದಾದ ಮೆಟ್ಟಿಲು ಹತ್ತುವ ಚಾರಣಿಗರ ವಿಡಿಯೊಗಳೇ ಎದುರಾಗುವ ಸಾಧ್ಯತೆ ಹೆಚ್ಚು. ವಿಜಯನಗರದ ಹರಿಹರರಾಯನೂ ಸಾಲಿನಲ್ಲಿರುತ್ತಾನೆ. ತುಂಗಭದ್ರೆಯ ದಂಡೆಯ ನಮ್ಮ ಹರಿಹರ, 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳಿಂದ ದೇಶಕ್ಕೆಲ್ಲ ಪರಿಚಯವಾದ ಊರು, ಇವರ ನಡುವೆ ಜಾಗ ಗಿಟ್ಟಿಸಬೇಕು. ಊರಿನ ಪಾಡೇ ಹೀಗಿರುವಾಗ ಅಲ್ಲಿ ನಾಲ್ಕು ಲೇತ್ ಇಟ್ಟುಕೊಂಡು ಬಿಡಿಭಾಗ ಮಾಡಿಕೊಡುವವರ ವೆಬ್‌ಸೈಟ್ ಯಾರ ಕಣ್ಣಿಗೆ ಬಿದ್ದೀತು?

ಈ ಚಿಂತೆಯ ಮೇಲೆಯೇ ಒಂದು ದಂಧೆ ಬೆಳೆದಿದೆ. ‘ಸರ್, ನಿಮ್ಮ ಸೈಟನ್ನ ಗೂಗಲ್ ಫಸ್ಟ್ ಪೇಜಿಗೆ ತರ್ತೀವಿ, ಗ್ಯಾರಂಟಿ’ ಎನ್ನುವ ಫೋನು ವೆಬ್‌ಸೈಟ್ ಮಾಡಿಸಿಕೊಂಡ ಅಂಗಡಿಯವರಿಗೆ ಹೊಸದಲ್ಲ. ಎಸ್‌ಇಒ ಎಂಬ ಹೆಸರಿನಲ್ಲಿ ಮಾರುವ ಈ ಸರಕು ಎಲ್ಲಿಂದ ಬಂತೆಂದು ತಿಳಿದರೆ ಅದರಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎನ್ನುವುದೂ ತಿಳಿಯುತ್ತದೆ.

ವಿಎಸ್‌ಎನ್‌ಎಲ್ ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಆಗ ಯಾಹೂ ಎಂದರೆ, ಮನುಷ್ಯರೇ ಸೈಟ್‌ಗಳನ್ನು ನೋಡಿ ವಿಷಯವಾರು ಜೋಡಿಸಿದ ಪಟ್ಟಿ. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ಆಲ್ಟಾವಿಸ್ಟಾ, ಪುಟದೊಳಗಿನ ಪದಗಳನ್ನು ಯಂತ್ರದಿಂದಲೇ ಓದಿಸಿ ಹುಡುಕಿಕೊಟ್ಟಿತು. ಪದ ಹೆಚ್ಚು ಸಲ ಬಂದರೆ ಪುಟ ಮೇಲೇರುತ್ತದೆಂದು ಗೊತ್ತಾದದ್ದೇ ತಡ, ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಪದವನ್ನು ನೂರಾರು ಸಲ ತುರುಕುವ ಜಾಣರು ಹುಟ್ಟಿಕೊಂಡರು. 1998ರಲ್ಲಿ ಗೂಗಲ್ ಕಟ್ಟಿದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಬೇರೆ ಲೆಕ್ಕ ಹಾಕಿದರು. ಹೆಚ್ಚು ಜನ ಉಲ್ಲೇಖಿಸಿದ ಸಂಶೋಧನಾ ಪ್ರಬಂಧಕ್ಕೆ ಬೆಲೆ ಹೆಚ್ಚು ತಾನೆ? ಹಾಗೆಯೇ ಬೇರೆ ಸೈಟ್‌ಗಳು ಲಿಂಕ್ ಕೊಟ್ಟ ಪುಟಕ್ಕೆ ಮನ್ನಣೆ. ಸರಿ, ಲಿಂಕ್‌ಗಳೂ ಮಾರಾಟಕ್ಕೆ ಬಂದವು. ಹುರುಳಿಲ್ಲದ ಪುಟಗಳನ್ನು ಕೆಳಗಿಳಿಸಲು 2011ರಲ್ಲಿ ‘ಪಾಂಡಾ’, ಕೊಂಡ ಲಿಂಕ್‌ಗಳನ್ನು ಹಿಡಿಯಲು 2012ರಲ್ಲಿ ‘ಪೆಂಗ್ವಿನ್’ ಎಂಬ ಬದಲಾವಣೆಗಳನ್ನು ಗೂಗಲ್ ತಂದಿತು. ಪುಟದ ಹಿಂದೆ ಅಡಗಿಸಿಡುವ ಕೀವರ್ಡ್ ಟ್ಯಾಗನ್ನು ರ್‍ಯಾಂಕಿಂಗ್‌ಗೆ ಲೆಕ್ಕಿಸುವುದಿಲ್ಲವೆಂದು 2009ರಲ್ಲೇ ಸಾರಿತ್ತು. ಅದನ್ನು ಇವತ್ತಿಗೂ ಪ್ಯಾಕೇಜಿಗೆ ಸೇರಿಸಿ ಬಿಲ್ ಹಾಕುವವರಿದ್ದಾರೆ!

ಕನ್ನಡದ ಸಂಕಟ ಇನ್ನೊಂದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ನಮ್ಮ ಡಿಟಿಪಿ ಅಂಗಡಿ, ಮುದ್ರಣಾಲಯ, ಪತ್ರಿಕೆಗಳೆಲ್ಲ ವರ್ಷಗಟ್ಟಲೆ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟ್‌ಗಳಲ್ಲೇ ಉಳಿದವು. ಆ ಫಾಂಟ್‌ಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ. ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಗೂಗಲ್ ಓದುವುದು ಒಳಗಿನದನ್ನು. ಹೀಗಾಗಿ ಕನ್ನಡದ ಎಷ್ಟೋ ಪುಟಗಳು ಅಂತರ್ಜಾಲದಲ್ಲಿದ್ದೂ ಹುಡುಕಿದವರಿಗೆ ಸಿಗಲಿಲ್ಲ. ಯೂನಿಕೋಡ್ ಬಳಕೆಗೆ ಬಂದಮೇಲೂ ಚಾಳಿ ಹೋಗಿಲ್ಲ: ಹಳೆಯ ಫಾಂಟಿನಲ್ಲಿ ಮಾಡಿಸಿದ ಕರಪತ್ರದ ಫೋಟೊವನ್ನೇ ಸೈಟಿಗೆ ಅಂಟಿಸಿಬಿಡುತ್ತೇವೆ. ಚಿತ್ರದೊಳಗಿನ ಅಕ್ಷರವನ್ನೇ ನೆಚ್ಚಿದರೆ ಹುಡುಕಾಟಕ್ಕೆ ಸಿಗುವ ಭರವಸೆಯಿಲ್ಲ.

ಇಂಥ ಸೈಟ್ ಹೇಗಿರುತ್ತದೆ ಗೊತ್ತೇ? ತಲೆಬರಹದ ಜಾಗದಲ್ಲಿ ‘ಹೋಮ್’ ಎಂಬ ಒಂದೇ ಪದ. ಕೆಳಗೆ ‘ನಮ್ಮ ಜಾಲತಾಣಕ್ಕೆ ಸುಸ್ವಾಗತ’. ಆಮೇಲೆ ಸರಿದಾಡುವ ಭಾರೀ ಫೋಟೊಗಳು, ಕೊನೆಗೆ ವಿಸಿಟಿಂಗ್ ಕಾರ್ಡಿನ ಸ್ಕ್ಯಾನ್. ಏನು ಕೆಲಸ ಮಾಡುತ್ತಾರೆ, ಯಾವ ಊರು ಎನ್ನುವುದು ಅಕ್ಷರರೂಪದಲ್ಲಿ ಎಲ್ಲೂ ಇಲ್ಲ. ಆ ‘ಹೋಮ್’ ಅಳಿಸಿ ‘ಲೇತ್ ಮತ್ತು ಗೇರ್ ಕಟಿಂಗ್ ಜಾಬ್‌ವರ್ಕ್, ಹರಿಹರ, ದಾವಣಗೆರೆ ಜಿಲ್ಲೆ’ ಎಂದು ಬರೆದು, ಒಳಗೆ ಎಷ್ಟು ಅಳತೆಯ ಕೆಲಸ, ಯಾವ ಲೋಹ, ಎಷ್ಟು ದಿನ ಎಂಬುದನ್ನು ನಾಲ್ಕು ಸಾಲಿನಲ್ಲಿ ಹೇಳಿ, 577601 ಪಿನ್‌ಕೋಡ್ ಸಮೇತ ವಿಳಾಸ ಹಾಕಿದರೆ ಎಸ್‌ಇಒ ಕೆಲಸದ ಬಹುಪಾಲು ಮುಗಿದಂತೆ. ನಾಸಿಕದ ಕೋಟೆಯ ಗೊಡವೆ ಆಮೇಲೆ ಬೇಡ; ಗೇರ್ ಕಟಿಂಗ್ ಹುಡುಕುವವನು ಕೋಟೆ ಹತ್ತಲು ಹೊರಟವನಲ್ಲ.

ಹುಡುಕುವವನು ಎಲ್ಲಿ ನಿಂತಿದ್ದಾನೆ ಎನ್ನುವುದೂ ಗೂಗಲ್‌ಗೆ ಮುಖ್ಯ. ಬೆಂಗಳೂರಿನಲ್ಲಿ ‘ದಾವಣಗೆರೆ ಬೆಣ್ಣೆ ದೋಸೆ’ ಎಂದು ಹುಡುಕಿದರೆ ನಮ್ಮೂರಿನ ಹೆಸರು ಹೊತ್ತ ಬೆಂಗಳೂರಿನ ಹೋಟೆಲುಗಳೇ ಸಾಲಾಗಿ ಬರುತ್ತವೆ. ಅದಕ್ಕೆ ಇಲ್ಲಿನವರು ಬೇಸರಪಡಬೇಕಿಲ್ಲ. ದಾವಣಗೆರೆಗೆ ಬಂದಿಳಿದವನ ಮೊಬೈಲಿನಲ್ಲಿ ಕಂಡರೆ ಸಾಕು. ಅದಕ್ಕೆ ಬೇಕಾದದ್ದು, 2014ರಲ್ಲಿ ‘ಗೂಗಲ್ ಮೈ ಬಿಸಿನೆಸ್’ ಎಂದು ಶುರುವಾಗಿ 2021ರಿಂದ ‘ಬಿಸಿನೆಸ್ ಪ್ರೊಫೈಲ್’ ಎನಿಸಿಕೊಂಡ ಸೌಲಭ್ಯ. ಅದು ಪುಕ್ಕಟೆ. ಮ್ಯಾಪಿನಲ್ಲಿ ಗುರುತು ಅಂಗಡಿಯ ಬಾಗಿಲಿಗೇ ಬಿದ್ದಿದೆಯೇ, ವಾರದ ರಜೆ ಸರಿಯಿದೆಯೇ, ಫೋನ್ ನಂಬರ್ ಹಳೆಯದೇ ಎಂದು ನೋಡಿಕೊಳ್ಳಲು ಎಂಜಿನಿಯರ್ ಬೇಕಿಲ್ಲ. ಮಂಡಿಪೇಟೆಯಂಥ ಕಡೆ ಗುರುತು ಒಂದು ಗಲ್ಲಿ ಆಚೀಚೆ ಆದರೂ ಗಿರಾಕಿ ಪಕ್ಕದ ಅಂಗಡಿಗೆ ಹೋಗಿರುತ್ತಾನೆ.

ಮೊಬೈಲಿನಲ್ಲಿ ಸಲೀಸಾಗಿ ತೆರೆಯುವ ಪುಟಕ್ಕೆ 2015ರಿಂದ ಮೊಬೈಲ್ ಹುಡುಕಾಟದಲ್ಲಿ ಆದ್ಯತೆಯಿದೆ. ಆ ಭಾರೀ ಫೋಟೊಗಳನ್ನು ಕುಗ್ಗಿಸಿ. 2024ರಿಂದ ನಮ್ಮಲ್ಲೂ ಎಐ ಬರೆದ ಉತ್ತರ ಫಲಿತಾಂಶಗಳ ಮೇಲೆ ಕೂರುತ್ತಿದೆ. ಅದರ ಹೆಸರಿನಲ್ಲೂ ಪ್ಯಾಕೇಜ್ ಬರುತ್ತದೆ, ಅವಸರ ಮಾಡಬೇಡಿ.

ನಮ್ಮಲ್ಲಿ ಸೈಟ್ ಮಾಡಿಕೊಡುವವರು ಹೆಚ್ಚಾಗಿ ಪರಿಚಯದ ಹುಡುಗರೇ. ಓದು ಮುಗಿಸಿ ಬೆಂಗಳೂರಿಗೆ ಹೊರಟುಬಿಡುತ್ತಾರೆ. ಡೊಮೇನ್ ಅವರ ಹೆಸರಲ್ಲಿ, ಪಾಸ್‌ವರ್ಡ್ ಅವರ ಇಮೇಲಿನಲ್ಲಿ! ಮೊದಲು ಅದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ನಂತರ ಗೂಗಲ್‌ನ ಉಚಿತ ಸರ್ಚ್ ಕನ್ಸೋಲ್ ತೆರೆಸಿ; ಜನ ಯಾವ ಪದ ಹುಡುಕಿ ನಿಮ್ಮಲ್ಲಿಗೆ ಬಂದರೆಂದು ಅದೇ ತೋರಿಸುತ್ತದೆ. ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ಲೇ ತನ್ನ ಮಾರ್ಗದರ್ಶಿಯಲ್ಲಿ ಬರೆದಿದೆ. ಮುಂದಿನ ಸಲ ಅಂಥ ಫೋನು ಬಂದಾಗ ಆ ಮಾತನ್ನು ಹೇಳಿ, ಫೋನ್ ಇಟ್ಟುಬಿಡಿ.